ಅತ್ತೆಯ ನಾಲಗೆ ಮತ್ತು ಆಟಿಯ ಕಷಾಯ

ನವಿಮುಂಬೈಯ ಕೋಪರಖೈರಣೆಯಲ್ಲಿರುವ ಸುಬ್ರಾಯ ಮಾವನ ಹೋಟೆಲಿನ ಹಿಂಬಾಗಿಲಲ್ಲಿ ವರ್ಷವಿಡೀ ಸಾಂಬಾರಿನ ಪರಿಮಳ. ತುಳುವರ ಆಟಿ ತಿಂಗಳಿನ ಅಮಾವಾಸ್ಯೆಯ ಬೆಳಿಗ್ಗೆ ಮಾತ್ರ ಬೇರೆ. ಹಾಳೆ ಮರದ ತೊಗಟೆಯನ್ನು ಜಜ್ಜಿ ಹಿಂಡಿದ ರಸ, ಅದಕ್ಕೆ ಬೆಳ್ಳುಳ್ಳಿ, ಓಮ, ಕಾಳುಮೆಣಸು, ಕೊನೆಗೆ ಕೆಂಡದಲ್ಲಿ ಕಾಯಿಸಿದ ಬಿಳಿಕಲ್ಲನ್ನು ಚುಂಯ್ ಎಂದು ಅದರೊಳಗೆ ಬಿಟ್ಟಾಗ ಏಳುವ ಹಬೆ. ತುಳುನಾಡಿನವರು ಎಲ್ಲಿದ್ದರೂ ಆ ದಿನ ಬರಿಹೊಟ್ಟೆಯಲ್ಲಿ ಈ ಕಹಿ ಕುಡಿಯಬೇಕು, ಕುಡಿದರೆ ವರ್ಷವಿಡೀ ರೋಗ ಹತ್ತಿರ ಸುಳಿಯದು ಎಂದು ನಂಬಿಕೆ. ಹೋದ ವರ್ಷ ಆ ಬೆಳಿಗ್ಗೆ ಸ್ಟೇಷನ್ನಿನಿಂದ ನಡೆದು ಬರುತ್ತಿದ್ದೆ. ಗಲ್ಲಿಯ ತಿರುವಿನಲ್ಲೇ ಆ ವಾಸನೆ ಮೂಗಿಗೆ ಬಡಿದು ಕಾಲು ನಿಂತುಬಿಟ್ಟಿತು. ಬೇರೆಯವರಿಗೆ ಅದು ಮದ್ದಿನ ವಾಸನೆ ಇರಬಹುದು. ನನಗೆ ಇವತ್ತಿಗೂ ಅದು ಆಸ್ಪತ್ರೆಯ ಒಂದು ವಾರ್ಡಿನ ವಾಸನೆ.

ಮುಂಬೈ ಮುಳುಗಿದ ಆ ಮಹಾಮಳೆ ಕಳೆದು ಎರಡು ಮೂರು ವರ್ಷ ಆಗಿತ್ತು. ನಾವಿದ್ದದ್ದು ಡೊಂಬಿವಲಿಯಲ್ಲಿ: ನಾನು, ನನ್ನ ಗಂಡ ದಿನೇಶ, ಅತ್ತೆ. ನನ್ನ ಕೆಲಸ ವಾಶಿಯ ಒಂದು ಇನ್ಶೂರೆನ್ಸ್ ಆಫೀಸಿನಲ್ಲಿ. ದಿನಾ ಠಾಣೆಯಲ್ಲಿ ಇಳಿದು ಇನ್ನೊಂದು ಟ್ರೇನು ಹಿಡಿಯಬೇಕು. ಕಾಯುವುದೆಂದರೆ ನನಗೆ ಆಗದು. ಸಿಗ್ನಲ್ಲಿನಲ್ಲಿ ಟ್ರೇನು ನಿಂತರೆ ನನಗೇ ಉಬ್ಬಸ ಬರುತ್ತದೆ. ಹಾಲು ಉಕ್ಕುವವರೆಗೆ ಒಲೆಯ ಮುಂದೆ ನಿಲ್ಲುವ ತಾಳ್ಮೆಯೂ ಇಲ್ಲ ಎಂದು ಅತ್ತೆ ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದರು.

ಅತ್ತೆಯ ಬಾಯಿ ಎಂದರೆ ಬಾಯಿ. ನಾಲಗೆಗೆ ಎಲುಬಿಲ್ಲ ಎನ್ನುತ್ತಾರಲ್ಲ, ಅತ್ತೆಯದಕ್ಕೆ ಎಲುಬಿಲ್ಲದಿದ್ದರೂ ಹಲ್ಲಿತ್ತು. ಎದುರು ಮನೆಯ ಮರಾಠಿ ಕಾಕುವಿನಿಂದ ಹಿಡಿದು ತರಕಾರಿಯ ಭಯ್ಯಾನವರೆಗೆ ಎಲ್ಲರಿಗೂ ಅದರ ರುಚಿ ಗೊತ್ತು. ನಾನೂ ಸುಮ್ಮನಿರುವ ಪೈಕಿಯಲ್ಲ. ಅವರು ಒಂದು ಹೇಳಿದರೆ ನಾನು ಒಂದೂವರೆ. ದಿನೇಶ ಪೇಪರಿನ ಹಿಂದೆ ಅಡಗಿ ಕೂರುತ್ತಿದ್ದರು. ಮನೆ ಹಾಗೆಯೇ ಚೆನ್ನಾಗಿ ನಡೆದಿತ್ತು.

ಅತ್ತೆಗೆ ಒಂದೇ ಚಟ, ಎಲೆಯಡಿಕೆ. ಅದರ ಜೊತೆ ಚೂರು ಹೊಗೆಸೊಪ್ಪು. ಊರಿನಲ್ಲಿ ಅವರ ಅಮ್ಮ, ಅಜ್ಜಿ ಎಲ್ಲರೂ ಹಾಕಿದವರೇ. ಆ ವರ್ಷ ಬೇಸಿಗೆಯಲ್ಲಿ ನಾಲಗೆಯ ಅಂಚಿಗೆ ಒಂದು ಹುಣ್ಣಾಯಿತು. ಚೂಪಾದ ಹಲ್ಲು ತಾಗಿ ಆದದ್ದು ಎಂದರು. ಉಷ್ಣ ಎಂದರು. ಜೀರಿಗೆ ನೀರು, ಎಳನೀರು, ಜೇನುತುಪ್ಪ, ಎಲ್ಲ ಆಯಿತು. ಹಲ್ಲಿನ ಡಾಕ್ಟರು ಹಲ್ಲನ್ನು ಉಜ್ಜಿ ಮುಲಾಮು ಕೊಟ್ಟರು. ಹುಣ್ಣು ಮಾತ್ರ ಅಲ್ಲಿಯೇ ಠಿಕಾಣಿ ಹೂಡಿತ್ತು. ಮಳೆ ಹಿಡಿಯುವ ಹೊತ್ತಿಗೆ ಅತ್ತೆಯ ಮಾತು ಕಡಿಮೆಯಾದದ್ದನ್ನು ಮೊದಲು ಗಮನಿಸಿದವಳು ನಾನು. ಬೈಗುಳ ನಿಂತ ಮನೆಯಲ್ಲಿ ಏನೋ ಸರಿಯಿಲ್ಲ ಎಂದು ಸೊಸೆಗಲ್ಲದೆ ಬೇರೆ ಯಾರಿಗೆ ಗೊತ್ತಾಗಬೇಕು!

ನವಿಮುಂಬೈಯ ಒಂದು ಟ್ರಸ್ಟಿನ ಆಸ್ಪತ್ರೆಯಲ್ಲಿ ಚೂರು ತೆಗೆದು ಪರೀಕ್ಷೆ ಮಾಡಿ, ಕ್ಯಾನ್ಸರ್ ಎಂದರು. ಅಲ್ಲಿನ ಸರ್ಜನ್ ಒಬ್ಬ ಹೆಂಗಸು, ನಾವೆಲ್ಲ ಮ್ಯಾಡಮ್ ಎನ್ನುತ್ತಿದ್ದೆವು. ಹಿಂದಿಯಲ್ಲಿ ನಿಧಾನವಾಗಿ, ಅಡುಗೆ ಹೇಳಿಕೊಡುವವರ ಹಾಗೆ ವಿವರಿಸಿದರು. ಈಗ ಅದು ಚಿಕ್ಕದು, ಅಂಚಿನಿಂದ ಒಂದು ಹೋಳು ತೆಗೆದರೆ ಸಾಕು, ಮಾತೂ ಉಳಿಯುತ್ತದೆ, ರುಚಿಯೂ ಉಳಿಯುತ್ತದೆ. ಬೆಳೆಯಲು ಬಿಟ್ಟರೆ ಅರ್ಧ ನಾಲಗೆ ಹೋಗಬಹುದು. ಕುತ್ತಿಗೆಯ ಗಂಟುಗಳಿಗೆ ಇಳಿದರೆ ಕಥೆಯೇ ಬೇರೆ. ಆಮೇಲೆ ಅವರು ಹೇಳಿದ ಮಾತು ನನಗೆ ಬಾಯಿಪಾಠವಾಗಿದೆ.

"ಆಪರೇಷನ್ ನಾನು ಇವತ್ತೂ ಮಾಡಬಲ್ಲೆ, ಎರಡು ತಿಂಗಳ ಮೇಲೂ ಮಾಡಬಲ್ಲೆ. ಆದರೆ ಐದು ವರ್ಷ ಕಳೆದ ಮೇಲೆ ನನ್ನೆದುರು ಕೂತು ಹರಟುವವರು ಯಾರು ಅನ್ನುವುದು ಎಷ್ಟೋ ಸಲ ಈ ಕಾಯುವ ವಾರಗಳಲ್ಲೇ ತೀರ್ಮಾನ ಆಗಿಬಿಡುತ್ತದೆ."

ಕಾಯದೆ ಬೇರೆ ದಾರಿ ಇರಲಿಲ್ಲ. ಥಿಯೇಟರು ಒಂದು, ರೋಗಿಗಳು ಊರೆಲ್ಲ. ಕೊನೆಗೆ ಸಿಕ್ಕಿದ ದಿನ ಯಾವುದು ಎಂದು ಮನೆಗೆ ಬಂದು ಪಂಚಾಂಗ ನೋಡಿದರೆ, ಆಟಿ ಅಮಾವಾಸ್ಯೆ. ಅತ್ತೆ ಪಟ್ಟು ಹಿಡಿದರು. ಆಟಿಯಲ್ಲಿ ಮದುವೆಯಿಲ್ಲ, ಮನೆ ಒಕ್ಕಲಿಲ್ಲ, ಹೊಸದೊಂದು ಸೀರೆ ಕೂಡ ಉಡುವುದಿಲ್ಲ, ಅಂಥದ್ದರಲ್ಲಿ ಅಮಾವಾಸ್ಯೆಯ ದಿನ ಮೈಗೆ ಕತ್ತಿ ಹಾಕಿಸಿಕೊಳ್ಳುವುದೇ? ಆಟಿ ಕಳೆದು ಸೋಣ ತಿಂಗಳು ಬರಲಿ, ನೋಡುವಾ ಎಂದರು. ನನಗೆ ಮೈ ಉರಿಯಿತು. ಆದರೂ ಆ ದಿನ ಏನು ಹೊಳೆಯಿತೋ, ಜಗಳಕ್ಕೆ ನಿಲ್ಲಲಿಲ್ಲ. ಆಟಿಯಲ್ಲಿ ಕಳೆಂಜ ಮನೆಮನೆಗೆ ಬಂದು ಕುಣಿಯುವುದು ಯಾಕೆ ಎಂದು ಕೇಳಿದೆ. ಮಾರಿ ಓಡಿಸಲಿಕ್ಕೆ ಎಂದರು. "ಹಾಗಾದರೆ ಈ ಮ್ಯಾಡಮ್ ಎಂತ ಮಾಡ್ಲಿಕ್ಕೆ ಹೊರಟದ್ದು? ಮದುವೆಯಾ? ಅವರೂ ಮಾರಿ ಓಡಿಸುದೇ ಅಲ್ವಾ?" ಎಂದೆ.  ಅತ್ತೆ, ಕಳೆಂಜನಿಗೆ ತಾಳೆಗರಿಯ ಕೊಡೆಯಾದರೂ ಇರುತ್ತದೆ, ನಿನ್ನ ಮ್ಯಾಡಮಿಗೆ ಅದೂ ಇಲ್ಲ ಎಂದು ಗೊಣಗಿ ಒಪ್ಪಿಕೊಂಡರು. ನಾನು ಗೆದ್ದೆ ಎಂದುಕೊಂಡೆ.

ಹಿಂದಿನ ದಿನವೇ ಭರ್ತಿ ಮಾಡಿದೆವು. ನಾಳೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಇರಬೇಕು ಎಂದು ಸಿಸ್ಟರ್ ಮರಾಠಿಯಲ್ಲಿ ಹೇಳಿದರು, ನಾನು ತುಳುವಿನಲ್ಲಿ ಹೇಳಿದೆ, ನೋಡಲು ಬಂದಿದ್ದ ಸುಬ್ರಾಯ ಮಾವನೂ ತಲೆಯಾಡಿಸಿದರು. ಸುಬ್ರಾಯ ಮಾವ ಎಂದರೆ ಅತ್ತೆಯ ತಮ್ಮ. ಅಕ್ಕ ಎಂದರೆ ಜೀವ. ಪ್ರತಿವರ್ಷ ಆಟಿ ಅಮಾವಾಸ್ಯೆಗೆ ತೊಗಟೆಯ ಉಸ್ತುವಾರಿ ಅವರದೇ. ನವಿಮುಂಬೈಯ ರಸ್ತೆಬದಿಯಲ್ಲಿ ಸಾಲಾಗಿ ನೆಟ್ಟಿರುವ ಸಪ್ತಪರ್ಣಿ ಎಂದರೆ ನಮ್ಮ ಹಾಳೆ ಮರವೇ. ಬೆಳಕು ಹರಿಯುವ ಮೊದಲು ಎದ್ದು, ಕಬ್ಬಿಣ ತಾಗಿಸದೆ, ಕಲ್ಲಿನಿಂದ ಕೆತ್ತಿ ತರುತ್ತಾರೆ. ವಾಚ್‌ಮನ್‌ಗಳು ಮೊದಮೊದಲು ಜಗಳ ಮಾಡುತ್ತಿದ್ದರು, ಆಮೇಲೆ ಅವರೂ ಒಂದೊಂದು ಲೋಟ ಕುಡಿಯತೊಡಗಿದರು.

ಮರುದಿನ ಬೆಳಿಗ್ಗೆ ಅತ್ತೆಯ ಮುಖ ತೊಳೆಸಿ, ಜಡೆ ಹಾಕಿ, ನಾನು ಕೆಳಗೆ ಚಹಾ ಕುಡಿಯಲು ಹೋದೆ. ಮೇಲೆ ಬರುವಾಗ ಮೆಟ್ಟಿಲಿನಲ್ಲೇ ಬೆಳ್ಳುಳ್ಳಿ ಮತ್ತು ಓಮದ ವಾಸನೆ. ಫಿನಾಯಿಲಿನ ವಾಸನೆಯನ್ನು ಸೀಳಿಕೊಂಡು ಬರುತ್ತಿತ್ತು.  ಓಡಿದೆ. ಮಾವ ಮಂಚದ ಪಕ್ಕ ಸ್ಟೂಲಿನಲ್ಲಿ ಕೂತು ಥರ್ಮಾಸಿನ ಮುಚ್ಚಳ ಹಾಕುತ್ತಿದ್ದರು. ಅತ್ತೆಯ ಕೈಯಲ್ಲಿ ಸ್ಟೀಲಿನ ಡಬ್ಬಿ, ಅದರಲ್ಲಿ ಮೆಂತೆ ಗಂಜಿ, ಅದೂ ತಳ ಕಾಣುತ್ತಿತ್ತು. ಕಷಾಯದ ಉಷ್ಣ ಇಳಿಯಬೇಕಾದರೆ ಮೇಲಿಂದ ತೆಂಗಿನಹಾಲು ಹಾಕಿದ ಮೆಂತೆ ಗಂಜಿ ಕುಡಿಯಲೇಬೇಕಲ್ಲ.

"ಖಾಲಿ ಹೊಟ್ಟೆ ಅಂತ ಡಾಕ್ಟ್ರೂ ಹೇಳಿದ್ದಾರೆ, ಕಷಾಯಕ್ಕೂ ಖಾಲಿ ಹೊಟ್ಟೆಯೇ ಬೇಕಾದ್ದು. ಎರಡೂ ಒಟ್ಟಿಗೇ ಕೂಡಿ ಬಂತು ನೋಡು ವಸಂತಿ," ಎಂದರು ಮಾವ. ಮುಖದಲ್ಲಿ ಸಂತೋಷ ತುಂಬಿತ್ತು. ಅಕ್ಕನಿಗೆ ದೊಡ್ಡ ಕೆಲಸದ ಮೊದಲು ಮದ್ದು ಮುಟ್ಟಿಸಿದ ಸಂತೋಷ.

ನಾನು ಏನು ಹೇಳುವುದಕ್ಕೂ ಮೊದಲು ಅರಿವಳಿಕೆಯ ಡಾಕ್ಟರು ಬಂದರು. ಮೂಗಿದ್ದವರಿಗೆ ಕೇಳುವ ಅಗತ್ಯವೇ ಇರಲಿಲ್ಲ, ಆದರೂ ಕೇಳಿದರು. ಅತ್ತೆ ಸುಳ್ಳು ಹೇಳುವವರಲ್ಲ. ಏನೂ ತಿಂದಿಲ್ಲ, ಕಷಾಯ ಮತ್ತು ಸ್ವಲ್ಪ ಗಂಜಿ ಅಷ್ಟೇ ಎಂದರು. ಹೊಟ್ಟೆಯಲ್ಲಿ ಆಹಾರ ಇರುವಾಗ ಅರಿವಳಿಕೆ ಕೊಟ್ಟರೆ ಅದು ಶ್ವಾಸಕೋಶಕ್ಕೆ ನುಗ್ಗಿ ಜೀವಕ್ಕೇ ಅಪಾಯ ಎಂದು ಅವರು ಹೇಳಿ, ಮುಂದಿನ ಮಂಚದವರನ್ನು ಥಿಯೇಟರಿಗೆ ಕರೆಸಿದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರೆ. ನಮ್ಮದು ಬಾಯಿಗೆ ಹೋದದ್ದರಿಂದಲೇ ಕೈತಪ್ಪಿತು.

ಮುಂದಿನ ದಿನ ಯಾವಾಗ ಎಂದರೆ, ಗಣಪತಿ ಹಬ್ಬ ಕಳೆದ ಮೇಲೆ ಎಂದರು. ಅಲ್ಲಿಯವರೆಗಿನ ಎಲ್ಲ ಜಾಗವೂ ತುಂಬಿತ್ತು. ಮ್ಯಾಡಮ್ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅತ್ತೆಯ ಕುತ್ತಿಗೆಯನ್ನು ಎರಡೂ ಕಡೆ ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದರು. ಗಂಟು ಹುಡುಕುತ್ತಿದ್ದಾರೆ ಎಂದು ನನಗೆ ಅರ್ಥವಾಯಿತು. ಮಾವ ಹೊರಗೆ ಬೆಂಚಿನಲ್ಲಿ ಥರ್ಮಾಸನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು, ಅಳುತ್ತಿದ್ದರು. ಅವರಿಗೆ ಬೈಯಲೆಂದು ಹೋದವಳು ಪಕ್ಕದಲ್ಲಿ ಕೂತೆ.  ಕೊಂದದ್ದು ದ್ವೇಷವಲ್ಲ, ಪ್ರೀತಿ. ಇನ್ನೂ ಕೊಂದಿರಲೂ ಇಲ್ಲ, ಅದೇ ನಮ್ಮ ಬಂಡವಾಳ.

ಸುಮ್ಮನೆ ಗಣಪತಿಯವರೆಗೆ ಕಾಯಲು ನನ್ನಿಂದ ಆಗಲಿಲ್ಲ. ವಾರ್ಡಿನ ಹಿರಿಯ ಸಿಸ್ಟರಿನ ಬೆನ್ನು ಬಿದ್ದೆ. ಯಾರಾದರೂ ಬಾರದೆ ಹೋದರೆ ಆ ಜಾಗಕ್ಕೆ ನಮ್ಮನ್ನು ಕರೆಯಿರಿ ಎಂದೆ. ಅಂಥ ರೂಢಿ ಇದೆ, ಆದರೆ ಕರೆದ ತಾಸಿನೊಳಗೆ ರೋಗಿ ಬಾಗಿಲಲ್ಲಿರಬೇಕು, ಅದೂ ಉಪವಾಸವಿರಬೇಕು, ಡೊಂಬಿವಲಿಯಿಂದ ಈ ಮಳೆಯಲ್ಲಿ ಹೇಗೆ ಬರುತ್ತೀರಿ ಎಂದು ಅವರು ಕೇಳಿದರು. ಹಾಗೆ ಅತ್ತೆ ಮಾವನ ಹೋಟೆಲಿನ ಮೇಲಿನ ಕೋಣೆಗೆ ಬಂದರು. ಆಸ್ಪತ್ರೆಗೆ ಅಲ್ಲಿಂದ ಹತ್ತಿರ. ನಾನೂ ಗಂಟುಮೂಟೆ ಕಟ್ಟಿ ಅಲ್ಲಿಗೇ ಹೋದೆ. ದಿನೇಶ ಡೊಂಬಿವಲಿಯಲ್ಲಿ ತಾವೇ ಅನ್ನ ಬೇಯಿಸಿ ತಿಂದರು, ಕೆಲವು ದಿನ ಬೇಯಿಸದೆಯೂ ತಿಂದರಂತೆ.

ಮ್ಯಾಡಮ್ ಆಪರೇಷನ್ ಮಾಡುತ್ತಿದ್ದದ್ದು ಸೋಮವಾರ ಮತ್ತು ಗುರುವಾರ. ಆ ಎರಡು ಬೆಳಿಗ್ಗೆ ಅತ್ತೆ ಸ್ನಾನ ಮಾಡಿ, ಒಂದು ಹನಿ ನೀರೂ ಮುಟ್ಟದೆ, ಚೀಲ ಕಟ್ಟಿಕೊಂಡು ಕಿಟಕಿಯ ಹತ್ತಿರ ಕೂರುತ್ತಿದ್ದರು. ಕೆಳಗೆ ಕೌಂಟರಿನಲ್ಲಿ ಮಾವನೂ ಉಪವಾಸ. ಅಕ್ಕನ ಬಾಯಿಗೆ ತಪ್ಪು ಹೊತ್ತಿನಲ್ಲಿ ಗಂಜಿ ಹಾಕಿದವನು, ಸರಿಯಾದ ಹೊತ್ತು ಬರುವವರೆಗೆ ತಾನೂ ಏನೂ ಮುಟ್ಟುವುದಿಲ್ಲ ಎಂದು ಹಟ. ಸುತ್ತ ಇಡ್ಲಿಯ ಹಬೆ, ವಡೆಯ ಎಣ್ಣೆ, ಫಿಲ್ಟರ್ ಕಾಫಿ. ನಡುವೆ ಬಾಡಿದ ಮುಖದ ಹೋಟೆಲ್ ಮಾಲೀಕ! ಗಿರಾಕಿಗಳು ಸೇಠ್‌ಗೆ ಏನಾಯಿತು ಎಂದು ಕೇಳುತ್ತಿದ್ದರು. ಆ ಹೊತ್ತಿನಲ್ಲಿ ಯಾರಾದರೂ ಪಾರ್ಸಲ್ಲಿಗೆಂದು ಫೋನ್ ಮಾಡಿದರೆ ಮುಗಿಯಿತು, "ಲೈನ್ ಖಾಲೀ ರಖೋ" ಎಂದು ಗದರಿ ಇಟ್ಟುಬಿಡುತ್ತಿದ್ದರು. ಹೊತ್ತು ಏರಿದ ಮೇಲೆ ಸಿಸ್ಟರ್ ಫೋನು ಮಾಡಿ, ಇವತ್ತು ಎಲ್ಲರೂ ಬಂದಿದ್ದಾರೆ ಎನ್ನುತ್ತಿದ್ದರು. ಆಗ ಅಕ್ಕ ಮೇಲೆ, ತಮ್ಮ ಕೆಳಗೆ ಒಂದೊಂದು ಲೋಟ ಕಾಫಿ ಕುಡಿಯುತ್ತಿದ್ದರು. ನಾನು ವಾಶಿಗೆ ಓಡುತ್ತಿದ್ದೆ.

ಅತ್ತೆಗೆ ಆ ದಿನಗಳಲ್ಲಿ ಉಗುಳು ನುಂಗಿದರೂ ಕಿವಿಯವರೆಗೆ ನೋವು. ಮಾತು ನಿಂತೇಹೋಗಿತ್ತು. ನಾನು ಬೇಕೆಂದೇ ಹಾಲು ಉಕ್ಕಿಸಿ ನೋಡಿದೆ. ಸುಮ್ಮನೆ ನೋಡಿದರು, ಏನೂ ಹೇಳಲಿಲ್ಲ. ಅವತ್ತು ನಾನು ಬಚ್ಚಲಿಗೆ ಹೋಗಿ ಅತ್ತುಬಿಟ್ಟೆ. ಎಷ್ಟು ವರ್ಷ ಆ ನಾಲಗೆಯ ಜೊತೆ ಗುದ್ದಾಡಿದ್ದೆನೋ, ಈಗ ಅದು ತಿರುಗಿ ಬಂದರೆ ಸಾಕು ದೇವರೇ ಎಂದು ಬೇಡಿಕೊಂಡೆ.

ಒಂದು ಗುರುವಾರ ಮಳೆ ಹುಯ್ಯುವುದಲ್ಲ, ಸುರಿಯಿತು. ಹಳಿಗಳ ಮೇಲೆ ನೀರು, ಕಲ್ಯಾಣದ ಕಡೆಯಿಂದ ಟ್ರೇನುಗಳೆಲ್ಲ ನಿಂತಿವೆ ಎಂದು ಗಿರಾಕಿಗಳು ಹೇಳುತ್ತಿರುವಾಗಲೇ ಫೋನು ಬಂತು. ಇವತ್ತಿನ ಪಟ್ಟಿಯಲ್ಲಿದ್ದ ಒಬ್ಬಾಕೆ ದಿವಾ ಸ್ಟೇಷನ್ನಿನಲ್ಲಿ ಸಿಕ್ಕಿಬಿದ್ದಿದ್ದಾಳೆ, ಬರಲು ಸಾಧ್ಯವೇ ಇಲ್ಲ, ಬರುತ್ತೀರಾ ಎಂದರು ಸಿಸ್ಟರ್. ಮಾವ ರಿಸೀವರನ್ನು ಇಡಲೂ ಮರೆತರು.

ರಿಕ್ಷಾ ಒಂದೂ ಇರಲಿಲ್ಲ. ವಾಶಿ ಮಾರ್ಕೆಟ್ಟಿನಿಂದ ಹೋಟೆಲಿಗೆ ತರಕಾರಿ ತಂದ ಟೆಂಪೊ ಬಾಗಿಲಲ್ಲಿ ನಿಂತಿತ್ತು. ಮಾವ ಕೋಸು ಇಳಿಸುವುದನ್ನು ನಿಲ್ಲಿಸಿ, ಅತ್ತೆಯನ್ನೂ ನನ್ನನ್ನೂ ಡ್ರೈವರಿನ ಪಕ್ಕ ಕೂರಿಸಿ, ತಾವು ಹಿಂದೆ ಕೋಸಿನ ರಾಶಿಯ ಮೇಲೆ ತಾಡಪತ್ರಿ ಹೊದ್ದು ಕೂತರು. ದಾರಿಯಲ್ಲಿ ಗಾಲಿ ಮುಳುಗುವಷ್ಟು ನೀರು. ಇಂಜಿನು ಎರಡು ಸಲ ಕೆಮ್ಮಿ ನಿಂತಿತು. ಪ್ರತಿ ಸಲವೂ ಅತ್ತೆ ನನ್ನ ಕೈ ಹಿಡಿದರು. ಇನ್ನೂ ಆಟಿ ಮುಗಿದಿರಲಿಲ್ಲ, ಅದರ ಮಾತನ್ನು ಅವರು ಎತ್ತಲೇ ಇಲ್ಲ.

ವಾರ್ಡಿನ ಬಾಗಿಲಲ್ಲೇ ಸಿಸ್ಟರ್ "ಉಪಾಶೀ ನಾ?" ಎಂದು ಕೇಳಿದರು. ಅತ್ತೆ ನೋವಿನಲ್ಲೂ ಬಾಯಿ ತೆರೆದು, ಬೇಕಾದರೆ ಮೂಸಿ ನೋಡು ಎಂಬಂತೆ ಮುಂದೆ ಬಾಗಿದರು. ಒದ್ದೆ ಮುದ್ದೆಯಾಗಿದ್ದ ಮಾವ ಹಿಂದಿನಿಂದ, ತಾನೂ ಉಪವಾಸ ಎಂದರು. ನಿಮ್ಮದೂ ಆಪರೇಷನ್ನಾ ಎಂದು ಸಿಸ್ಟರ್ ಕೇಳಿದಾಗ ಇಡೀ ವಾರ್ಡು ನಕ್ಕಿತು. ನನಗೂ ನಗು ಬಂತು.

ಥಿಯೇಟರಿನ ಬಾಗಿಲವರೆಗೆ ಗಾಡಿಯ ಜೊತೆ ಹೋದೆ. ಅಲ್ಲಿ ಅತ್ತೆ ನನ್ನ ಸೆರಗು ಹಿಡಿದು ಬಗ್ಗಿಸಿದರು. ಒಂದೊಂದೇ ಮಾತನ್ನು ಕಷ್ಟಪಟ್ಟು ಹೊರಗೆ ಹಾಕಿದರು.

"ವಸಂತಿ, ನನಗೆ ಎಷ್ಟು ಬೈಲಿಕ್ಕುಂಟೋ ಈಗ ಬೈದು ಬಿಡು. ಇವತ್ತು ನಾನು ತಿರುಗಿಸಿ ಹೇಳುದಿಲ್ಲ. ಇನ್ನು ಹೇಳ್ಲಿಕ್ಕೆ ಆಗ್ತದಾ ಇಲ್ವಾ ಗೊತ್ತಿಲ್ಲ."

ಮದುವೆಯಾಗಿ ಬಂದ ದಿನದಿಂದ ಕೂಡಿಟ್ಟ ಮಾತುಗಳು ನನ್ನಲ್ಲಿ ಬೇಕಾದಷ್ಟಿದ್ದವು. ಒಂದೂ ಬಾಯಿಗೆ ಬರಲಿಲ್ಲ. ಬಾಗಿಲು ಮುಚ್ಚಿತು.

ಸಂಜೆ ಮ್ಯಾಡಮ್ ಹೊರಗೆ ಬಂದು, ಮೊದಲು ಅಂದುಕೊಂಡದ್ದಕ್ಕಿಂತ ಸ್ವಲ್ಪ ಹೆಚ್ಚು ತೆಗೆಯಬೇಕಾಯಿತು, ಆದರೆ ಮಾತಿಗೆ ಬೇಕಾದಷ್ಟು ಉಳಿದಿದೆ ಎಂದರು. ಕುತ್ತಿಗೆಯ ಗಂಟುಗಳ ವರದಿ ಬರುವವರೆಗೆ ಮತ್ತೆ ಕಾಯುವಿಕೆ. ಕೊನೆಗೆ ಅದೂ ಬಂತು: ಕೆಳಗೆ ಇಳಿದಿಲ್ಲ, ಗಂಟುಗಳೆಲ್ಲ ಸ್ವಚ್ಛ. ಗಣಪತಿಯವರೆಗೆ ಬಿಟ್ಟಿದ್ದರೆ ಏನಾಗುತ್ತಿತ್ತು ಎಂದು ಕೇಳಿದೆ. ಹೇಳಲಾಗದು, ಇನ್ನು ನೀವೂ ಕೇಳಬೇಡಿ ಎಂದರು. ಹೊರಗೆ ಬಂದು ಮಾವನಿಗೆ ಹೇಳಿದೆ. ಮಾವ ಅಲ್ಲೇ ಕಾರಿಡಾರಿನಲ್ಲಿ, ಯಾವ ದಿಕ್ಕು ಎಂದೂ ನೋಡದೆ ಅಡ್ಡಬಿದ್ದರು.  

ಆಹಾರಕ್ಕೆಂದು ಹಾಕಿದ್ದ ಮೂಗಿನ ನಳಿಕೆ ತೆಗೆದ ಮೇಲೆ ಅತ್ತೆ ಆಡಿದ ಮೊದಲ ಮಾತು ಬೈಗುಳವಾಗಿರುತ್ತದೆ ಎಂದು ನಾನು ಕಾಯುತ್ತಿದ್ದೆ. ದಪ್ಪ ದಪ್ಪವಾಗಿ ಹೊರಬಂದದ್ದು ಬೇರೆ: "ಆ ದಿವಾದವಳಿಗೆ ಎಂತ ಆಯ್ತು?" ಅವಳ ಜಾಗ ತಾನು ತಿಂದೆ ಎಂದು ಅತ್ತೆಯ ಮನಸ್ಸಿನಲ್ಲಿ ಕೊರೆಯುತ್ತಿತ್ತು. ನನಗೂ ಕೊರೆಯುತ್ತಿತ್ತು, ಬಾಯಿಬಿಟ್ಟಿರಲಿಲ್ಲ ಅಷ್ಟೇ. ವಿಚಾರಿಸಿದರೆ, ಮುಂದಿನ ಸೋಮವಾರವೇ ಅವಳದೂ ಆಗಿತ್ತು. ಮ್ಯಾಡಮ್ ಬೆಳಿಗ್ಗೆ ಬೇಗ ಬಂದು ಒಂದು ಹೆಚ್ಚಿಗೆ ಮಾಡಿದ್ದರು. ಅದೇ ವಾರ್ಡಿನ ಮೂಲೆಯ ಮಂಚದಲ್ಲಿ, ಕೆನ್ನೆಗೆ ಪಟ್ಟಿ ಕಟ್ಟಿಕೊಂಡು ಮಲಗಿದ್ದಳು, ಸುಮನ್ ಎಂದು ಹೆಸರು. ಅತ್ತೆ ಗೋಡೆ ಹಿಡಿದು ಅವಳ ಹತ್ತಿರ ಹೋಗಿ ಕೂತರು. ಇಬ್ಬರಿಗೂ ಸರಿಯಾಗಿ ಮಾತು ಹೊರಡದು, ಹೊರಟರೂ ಒಬ್ಬರದು ಮರಾಠಿ, ಇನ್ನೊಬ್ಬರದು ತುಳು ಬೆರೆತ ಬಾಜಾರಿ ಹಿಂದಿ. ಆದರೂ ದಿನವಿಡೀ ಏನೋ ನಡೆಯುತ್ತಿತ್ತು.

ಆಮೇಲೆ ವರ್ಷಗಟ್ಟಲೆ ತಪಾಸಣೆಯ ದಿನ ಇಬ್ಬರೂ ಒಂದೇ ಬೆಂಚಿನಲ್ಲಿ ಕೂತರು. ಬೆಂಚಿನಲ್ಲಿ ಮೂರನೆಯವರೊಬ್ಬರು ಇರುತ್ತಿದ್ದರು, ಮಗಳ ಮದುವೆ ಮುಗಿಯಲಿ ಎಂದು ತಾವೇ ದಿನ ಮುಂದೂಡಿಕೊಂಡವರು. ಒಂದು ವರ್ಷದ ನಂತರ ಅವರು ಬರಲಿಲ್ಲ. ಅತ್ತೆ ಆ ಜಾಗದಲ್ಲಿ ಚೀಲ ಇಡಲು ಯಾರನ್ನೂ ಬಿಡಲಿಲ್ಲ. ಐದನೆಯ ವರ್ಷ ಮ್ಯಾಡಮ್ ಎದುರು ಕೂತು ಅತ್ತೆ ಎಷ್ಟು ಹರಟಿದರೆಂದರೆ, ಹೊರಗೆ ಸಾಲಿನಲ್ಲಿದ್ದವರು ಬಾಗಿಲು ಬಡಿದರು. ಮ್ಯಾಡಮ್ ನನ್ನನ್ನು ನೋಡಿ ನಕ್ಕರು. ಸುಮನ್ ಈಗ ರತ್ನಾಗಿರಿಯ ಕಡೆ ಮಗನ ಮನೆಯಲ್ಲಿದ್ದಾಳೆ, ದೀಪಾವಳಿಗೆ ಫೋನು ಮಾಡುತ್ತಾಳೆ.

ಹೋದ ವರ್ಷ ಆ ವಾಸನೆ ಹಿಡಿದು ಹಿಂಬಾಗಿಲಿಗೆ ಬಂದಾಗ ಅತ್ತೆ ಹಿಂದಿನ ದಿನವೇ ಬಂದು ಅಲ್ಲಿ ಬೀಡುಬಿಟ್ಟಿದ್ದರು. ಕುರ್ಚಿಯಲ್ಲಿ ಕೂತು, ಎಲೆಯಡಿಕೆ ಬಿಟ್ಟ ಬಾಯಿಯಲ್ಲಿ ಲವಂಗ ಆಡಿಸುತ್ತಾ, ಮಾವನಿಗೆ ನಿರ್ದೇಶನ ಕೊಡುತ್ತಿದ್ದರು. 'ಸ' ಎನ್ನುವಾಗ ನಾಲಗೆ ಸ್ವಲ್ಪ ತೊಡರುತ್ತದೆ, ಬೈಯುವುದಕ್ಕೆ ಅದೇನೂ ಅಡ್ಡಿಯಿಲ್ಲ. ಒಂದು ಗುಟುಕು ಕುಡಿದು ಬಾಯಿಯೊಳಗೆ ತಿರುಗಿಸಿ, ಕಹಿ ಸಾಲದು, ತೊಗಟೆ ಎಳತು, ವಯಸ್ಸಾದ ಮೇಲೆ ನಿನಗೆ ಮರವೂ ಕಾಣುವುದಿಲ್ಲ ಎಂದು ತಮ್ಮನಿಗೆ ಹೇಳಿದರು. ಕಹಿಯಲ್ಲೂ ಕೊರತೆ ಹುಡುಕುವ ಆ ನಾಲಗೆಯನ್ನು ನೋಡುತ್ತಾ ನಾನು ಬಾಗಿಲಲ್ಲೇ ನಿಂತೆ.

ಆ ಮಳೆಗಾಲದ ನಂತರ ನಾನು ಕಷಾಯ ಮುಟ್ಟಿರಲಿಲ್ಲ.  ಅತ್ತೆ ಲೋಟ ನನ್ನ ಕಡೆ ಚಾಚಿದರು. ಬೇಡ ಎಂದೆ. ಶುರುವಾಯಿತು: ಆಫೀಸಿಗೆ ಹೋಗುವವಳ ಕೊಬ್ಬು, ತವರಿನವರು ಕಲಿಸಿದ ಸೊಕ್ಕು, ಹಾಲು ಉಕ್ಕಿಸುವ ಕೈ, ಒಂದೂ ಬಿಡಲಿಲ್ಲ.

"ಅವತ್ತು ಥಿಯೇಟರಿನ ಬಾಗಿಲಲ್ಲಿ ಇನ್ನು ತಿರುಗಿಸಿ ಹೇಳುದಿಲ್ಲ ಅಂದಿದ್ರಲ್ಲ ಅತ್ತೆ?" ಎಂದೆ.

"ಅದು ಆ ಒಂದು ದಿನಕ್ಕೆ ಮಾತ್ರ. ನೀನು ಬೈಲಿಲ್ಲ, ಚಾನ್ಸು ಹೋಯ್ತು. ಈಗ ಕುಡಿ," ಎಂದರು ಅತ್ತೆ.

ಲೋಟ ತೆಗೆದುಕೊಂಡು ಒಂದೇ ಉಸಿರಿನಲ್ಲಿ ಕುಡಿದೆ. ಮಾವ ಮೆಂತೆ ಗಂಜಿ ತರಲು ಒಳಗೆ ಹೋದರು.